ಉಪ್ಪಿಲ್ಲದ ಹದಿನಾಲ್ಕು ವರ್ಷ

ನಜ್ಲತ್ ಬದ್ರಾನ್ ಊರಿನ ಇಗರ್ಜಿಯಲ್ಲಿ ಭಾನುವಾರದ ಬಲಿಪೂಜೆಗೆ ರೊಟ್ಟಿ ಬೇಯಿಸುವವನು ಬಖೂಮ್. ಬುಟ್ಟಿಯಲ್ಲಿ ಒಂದಕ್ಕಿಂತ ಒಂದು ಚೆನ್ನಾದ ರೊಟ್ಟಿಗಳಿರುತ್ತಿದ್ದವು. ಅವುಗಳಲ್ಲಿ ಒಂದು ಬಲಿಪೀಠಕ್ಕೆ ಹೋಗಿ ಕ್ರಿಸ್ತನ ದೇಹವಾಗುತ್ತಿತ್ತು, ಉಳಿದವು ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಜನರ ಕೈಗೆ ಹೋಗುತ್ತಿದ್ದವು. ಊರಿಗೆ ಊರೇ ಚಪ್ಪಲಿ ಬಿಟ್ಟು ಸಾಲುಗಟ್ಟಿ ಬಲಿಪೀಠದ ಆ ರೊಟ್ಟಿಯ ಪ್ರಸಾದ ತೆಗೆದುಕೊಳ್ಳುವಾಗ ಬಖೂಮ್ ಮಾತ್ರ ಹಿಂದಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಿರುತ್ತಿದ್ದ. ಒಂದು ವಾರ ಎರಡು ವಾರದ ಮಾತಲ್ಲ, ಹದಿನಾಲ್ಕು ವರ್ಷ.

ಊರವರು ಇದಕ್ಕೆ ತಾವೇ ಒಂದು ಕಾರಣ ಕಟ್ಟಿಕೊಂಡಿದ್ದರು. ಅವನದು ಬಹಳ ವಿನಯ, ತಾನು ಯೋಗ್ಯನಲ್ಲ ಎಂದುಕೊಳ್ಳುವ ದೊಡ್ಡ ಮನಸ್ಸು ಎಂದು. ಹೆಂಗಸರು ಜ್ವರ ಬಂದ ಕೂಸುಗಳನ್ನು ತಂದು, ತಲೆ ಮುಟ್ಟು ಬಖೂಮಣ್ಣ ಎನ್ನುತ್ತಿದ್ದರು. ಊರಿನ ಬಾಯಿಗೆ ಬೀಗ ಹಾಕಲಾಗದು ಎನ್ನುತ್ತಾರೆ, ಅದು ನಿಂದೆಗಷ್ಟೇ ಅಲ್ಲ, ಹೊಗಳಿಕೆಗೂ ಅನ್ವಯಿಸುತ್ತದೆ. ಪ್ರತಿ ಸಲ ಕೂಸಿನ ತಲೆ ಮುಟ್ಟುವಾಗ ಅವನಿಗೆ ತನ್ನ ಒಲೆಯೊಳಗೇ ಹೋಗಿ ಕೂರಬೇಕು ಅನ್ನಿಸುತ್ತಿತ್ತು.

ಆ ರೊಟ್ಟಿಗೆ ಉಪ್ಪು ನಿಷಿದ್ಧ. ಗೋಧಿಹಿಟ್ಟು, ನೀರು, ಹಿಂದಿನ ವಾರದ ಹುಳಿಹಿಟ್ಟು, ಅಷ್ಟೇ. ನಾದುವವನು ಹಿಂದಿನ ರಾತ್ರಿಯಿಂದ ಗುಟುಕು ನೀರನ್ನೂ ಕುಡಿದಿರಬಾರದು, ಅವನ ಬಾಯಲ್ಲಿ ಕೀರ್ತನೆಗಳ ಹೊರತು ಬೇರೆ ಮಾತಿರಬಾರದು. ಇಗರ್ಜಿಯ ಹಿತ್ತಲಲ್ಲಿ ರೊಟ್ಟಿ ಬೇಯಿಸುವ ಕೋಣೆಗೆ ಬೆತ್ಲೆಹೇಮ್ ಎಂದೇ ಹೆಸರು. ಅಲ್ಲಿ ತಿನ್ನುವ ಪದಾರ್ಥ ಯಾವುದನ್ನೂ ಇಡಕೂಡದು. ಆದರೆ ಬಖೂಮನಿಗಿಂತ ಮುಂಚೆ ಮೂವತ್ತು ವರ್ಷ ಅಲ್ಲಿ ಒಲೆ ಉರಿಸಿದ ಗುಬ್ರಿಯಾಲ್‌ಗೆ ಒಂದು ಚಪಲವಿತ್ತು. ಪೂಜೆ ಮುಗಿದ ಕೂಡಲೇ ಸೌತೆಕಾಯಿಗೆ ಉಪ್ಪು ಹಚ್ಚಿ ತಿನ್ನಬೇಕು. ಅದಕ್ಕಾಗಿ ಗೋಡೆಯ ಗೂಡಿನಲ್ಲಿ, ಹಿಟ್ಟು ನಾದುವ ಮರಿಗೆಯ ಮೇಲ್ಗಡೆಗೇ, ಕಾಗದದ ಪೊಟ್ಟಣದಲ್ಲಿ ಉಪ್ಪು ಇಟ್ಟಿರುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ಆಗಿನ ಮುದಿ ಪಾದ್ರಿ ಅಬೂನಾ ಮತ್ತಾ ಕಂಡೂ ಕಾಣದಂತಿದ್ದರು; ಅಲ್ಲಿ ಪಾದ್ರಿಗಳನ್ನೆಲ್ಲ ಅಬೂನಾ, ಅಂದರೆ ತಂದೆ, ಎಂದೇ ಕರೆಯುವುದು.

ಬಖೂಮ್ ಆಗ ಗುಬ್ರಿಯಾಲ್‌ನ ಕೈಕೆಳಗೆ, ಅವನನ್ನು ಚಿಕ್ಕಪ್ಪ ಎನ್ನುತ್ತಾ, ಕೆಲಸ ಕಲಿಯುತ್ತಿದ್ದ ಮೂವತ್ತರ ಗಂಡಸು. ರೊಟ್ಟಿಗೆ ಒತ್ತುವ ಶಿಲುಬೆಯ ಅಚ್ಚನ್ನು ಕೆತ್ತಿದವನು ಅವನ ಅಪ್ಪ, ಬಡಗಿ ಫಾನೂಸ್. ಅಪ್ಪ ಸತ್ತು ಇನ್ನೂ ನಲವತ್ತನೇ ದಿನದ ಪ್ರಾರ್ಥನೆ ಆಗಿರಲಿಲ್ಲ, ಆ ದಿನಗಳಲ್ಲಿ ಒಂದು ಭಾನುವಾರ ಬಖೂಮ್ ಒತ್ತಿದ ರೊಟ್ಟಿಯೊಂದು ಒಲೆಯಲ್ಲಿ ಬಿರಿಯಿತು. ಗುಬ್ರಿಯಾಲ್ ಅದನ್ನು ಅಂಗಳಕ್ಕೆ ತಂದು ಹತ್ತು ಜನರೆದುರು ಎತ್ತಿ ಹಿಡಿದ. "ಇವರಪ್ಪನ ಕೈಲಿ ಮರ ಸೀಳ್ತಿತ್ತು, ಇವನ ಕೈಲಿ ಹಿಟ್ಟು ಸೀಳುತ್ತೆ. ಸೀಳೋದೇ ಇವರ ವಂಶದ ಕಸುಬು!" ಎಂದ. ಹತ್ತು ಜನವೂ ನಕ್ಕರು. ಗುಬ್ರಿಯಾಲ್ ಮಾತು ಆಡಿ ಅಲ್ಲೇ ಮರೆತ. ಬಖೂಮ್ ಅದನ್ನು ಮನೆಗೆ ಒಯ್ದ.

ಮರುವಾರ ಗುಬ್ರಿಯಾಲ್ ಒಲೆಗೆ ಸೌದೆ ತರಲು ಹೊರಗೆ ಹೋದಾಗ ಬಖೂಮ್ ಗೂಡಿನ ಪೊಟ್ಟಣವನ್ನು ತೆಗೆದು ಮರಿಗೆಗೆ ಸುರಿದು ನಾದಿದ. ಖಾಲಿ ಕಾಗದವನ್ನು ತಾನಾಗಿ ಉರುಳಿಬಿದ್ದ ಹಾಗೆ ಮರಿಗೆಯ ಅಂಚಿನಲ್ಲಿಟ್ಟ. ಅವನ ಲೆಕ್ಕದಲ್ಲಿ ಇದ್ದದ್ದು ಬಾಗಿಲಲ್ಲಿ ಹಂಚುವ ರೊಟ್ಟಿ ಮಾತ್ರ. ಜನ ಅದನ್ನು ಬಾಯಿಗಿಟ್ಟು, ಮುದುಕನಿಗೆ ಅರಳುಮರಳು ಎಂದು ನಗಲಿ, ಒಂದು ದಿನ ಅವನೂ ಅಂಗಳದಲ್ಲಿ ತಲೆ ತಗ್ಗಿಸಲಿ. ಸಿಟ್ಟು ನೆತ್ತಿಗೇರಿದವನಿಗೆ ಬಲಿಪೀಠಕ್ಕೆ ಹೋಗುವುದೂ ಅದೇ ಹಿಟ್ಟಿನ ರೊಟ್ಟಿ ಅನ್ನುವುದು ಹೊಳೆದದ್ದು ಅಬೂನಾ ಮತ್ತಾ ಎದುರಿಗೆ ಬುಟ್ಟಿ ಹಿಡಿದು ನಿಂತಾಗ. ಅಬೂನಾ ಒಂದೊಂದೇ ರೊಟ್ಟಿಯನ್ನು ತಿರುಗಿಸಿ ನೋಡಿ, ಅಂಚು ಸವರಿ, ಆರಿಸುತ್ತಿದ್ದರು. ಆಗ ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಇನ್ನೊಮ್ಮೆ ಹಿಟ್ಟು ಕಲಸಬಹುದಿತ್ತು, ಒಂದು ಗಂಟೆ ತಡವಾಗುತ್ತಿತ್ತು. ಬಖೂಮ್ ಬಾಯಿ ಬಿಡಲಿಲ್ಲ. ಪೊಟ್ಟಣ ಸುರಿದದ್ದು ಸಿಟ್ಟಿನ ಕೆಲಸ, ಬುಟ್ಟಿ ಹಿಡಿದು ಸುಮ್ಮನಿದ್ದದ್ದು ಪಾಪ ಎಂದು ಅವನಿಗೆ ಅವತ್ತಿನಿಂದ ಇವತ್ತಿನವರೆಗೂ ಗೊತ್ತಿತ್ತು.

ಪ್ರಸಾದ ಬಾಯಿಗಿಟ್ಟ ಅಬೂನಾ ಮತ್ತಾ ಪೂಜೆಯನ್ನು ಹೇಗೋ ಮುಗಿಸಿ, ಗರ್ಭಗುಡಿಯ ಪರದೆಯ ಹಿಂದೆ ಕೂತು ಅತ್ತರು. ಗುಬ್ರಿಯಾಲ್ ಖಾಲಿ ಕಾಗದ ಹಿಡಿದು ಬಂದು ಅವರ ಕಾಲಿಗೆ ಬಿದ್ದ. "ನನ್ನ ಉಪ್ಪು, ನನ್ನ ಬಾಯಿಚಪಲ," ಎಂದ. ಅಬೂನಾ ಅವನಿಗೆ ಒಂದು ವಾರದ ಉಪವಾಸ ವಿಧಿಸಿ ಪಾಪವಿಮೋಚನೆ ಓದಿದರು. ಅದು ಗುಬ್ರಿಯಾಲ್‌ಗೆ ಸಾಲಲಿಲ್ಲ. ಅಚ್ಚನ್ನು ಬಖೂಮನ ಕೈಗಿಟ್ಟು ಬೆತ್ಲೆಹೇಮಿನ ಹೊಸ್ತಿಲು ದಾಟಿದವನು ಮತ್ತೆ ಒಳಗೆ ಕಾಲಿಡಲಿಲ್ಲ. ಅವತ್ತಿನಿಂದ ತನ್ನ ಊಟಕ್ಕೆ ಒಂದು ಹರಳು ಉಪ್ಪು ಹಾಕಿಸಿಕೊಳ್ಳಲಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುವುದು ಗಾದೆ. ಇಲ್ಲಿ ಒಬ್ಬ ಸುರಿದ, ಇನ್ನೊಬ್ಬ ಬಿಟ್ಟ.

ಬಖೂಮ್ ಮರುವಾರ ಪ್ರಸಾದದ ಸಾಲಿನಲ್ಲಿ ನಿಂತಿದ್ದ. ಕಾಲು ಮುಂದಕ್ಕೆ ಹೋಗಲಿಲ್ಲ. ಪ್ರಸಾದಕ್ಕೆ ಮುಂಚೆ ಪಾಪನಿವೇದನೆ ಆಗಬೇಕು, ಪಾಪನಿವೇದನೆಗೆ ಕೂತರೆ ಇದನ್ನು ಹೇಳಬೇಕು. ಹಾಗೇ ಹದಿನಾಲ್ಕು ವರ್ಷ ಕಳೆಯಿತು. ಅಬೂನಾ ಮತ್ತಾ ತೀರಿಕೊಂಡರು. ಗುಬ್ರಿಯಾಲ್‌ಗೆ ಎಂಬತ್ತಾಯಿತು.

ದೊಡ್ಡ ಉಪವಾಸಕಾಲದ ಐದನೇ ಶನಿವಾರ ಮಧ್ಯಾಹ್ನ ಬಖೂಮ್ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಗುಬ್ರಿಯಾಲ್‌ನ ಸೊಸೆ ಇನ್ಸಾಫ್ ಹೊಸ್ತಿಲಾಚೆ ಬಂದು ನಿಂತಳು.

"ಬಖೂಮಣ್ಣ, ಮಾವ ಕರೀತಿದ್ದಾರೆ."

"ಯಾಕಂತೆ?"

"ನಂಗೇನು ಹೇಳ್ತಾರೆ? ಕಾಲೆಲ್ಲ ಊದಿಕೊಂಡಿದೆ, ಡಾಕ್ಟ್ರು ಇನ್ನು ಕೆಲವೇ ದಿನ ಅಂದ್ರು. ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ, ಬೆಳಗಾದ್ರೆ ನನ್ನ ಬೈಯೋದು ತಪ್ಪಿಲ್ಲ." ತಲೆಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡಳು. "ನಾಲ್ಕು ದಿನದಿಂದ ಒಬ್ಬೊಬ್ಬರನ್ನೇ ಕರೆಸಿ ಕ್ಷಮೆ ಕೇಳ್ತಿದ್ದಾರೆ. ನನ್ನನ್ನೂ ಕೇಳಿದ್ರು. ಇನ್ನು ಪಕ್ಕದ್ಮನೆ ಕತ್ತೆ ಒಂದು ಬಾಕಿ."

ಬಖೂಮನ ಕೈಯ ಜರಡಿ ನಿಂತಿತು. "ನನ್ನ ಹತ್ರ ಕೇಳೋಕೆ ಅವರಿಗೇನಿದೆ?"

"ಬಂದು ಕೇಳ್ಕೋ. ಸಂಜೆ ಒಳಗೆ ಬಾ, ಆಮೇಲೆ ನಿದ್ದೆ ಹತ್ತುತ್ತೆ," ಎಂದು ಅವಳು ಹೊರಟಳು.

ಅವನು ಕೂಡಲೇ ಹೋಗಲಿಲ್ಲ. ಕೈ ತೊಳೆದು ಇಗರ್ಜಿಗೆ ಹೋದ. ಶನಿವಾರ ಆ ಹೊತ್ತಿಗೆ ಅಬೂನಾ ಯುಸ್ತುಸ್ ಮುಂದಿನ ಬೆಂಚಿನಲ್ಲಿ ಕೂತು ಪಾಪನಿವೇದನೆ ಕೇಳುತ್ತಿದ್ದರು. ಊರಿಗೆ ಬಂದು ಎರಡೇ ವರ್ಷವಾಗಿದ್ದ ಪಾದ್ರಿ, ಬಖೂಮನಿಗಿಂತ ಹತ್ತು ವರ್ಷ ಚಿಕ್ಕವರು. ಸಾಲು ಕರಗುವವರೆಗೆ ಅವನು ಕಂಬದ ಹಿಂದೆ ನಿಂತಿದ್ದು, ಕೊನೆಗೆ ಹೋಗಿ ಪಕ್ಕದಲ್ಲಿ ಕೂತ.

"ಏನು ಬಖೂಮ್, ಹಿಟ್ಟು ತೀರಿಹೋಯ್ತಾ?"

"ಇಲ್ಲ ಅಬೂನಾ. ಪಾಪ ಹೇಳ್ಕೋಬೇಕು."

ಅಬೂನಾ ನಗು ನಿಲ್ಲಿಸಿ ಕುತ್ತಿಗೆಯ ಪಟ್ಟಿ ಸರಿಮಾಡಿಕೊಂಡರು. ಬಖೂಮ್ ನೆಲ ನೋಡುತ್ತಾ ಹೇಳಿದ. ಪೊಟ್ಟಣ, ಮರಿಗೆ, ಅಂಚಿನ ಕಾಗದ, ಕೈಯಲ್ಲಿ ಹಿಡಿದ ಬುಟ್ಟಿ. ಹದಿನಾಲ್ಕು ವರ್ಷ ಹೊತ್ತದ್ದನ್ನು ಹೇಳಲು ಒಂದು ಮೊಂಬತ್ತಿ ಕಾಲುಭಾಗ ಉರಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಆಮೇಲೆ ಇನ್ನೂ ಒಂದು ಉಳಿದಿತ್ತು.

"ಅವರು ಸತ್ತುಹೋದ್ರೆ ಸಾಕು ಅಂತ ಕಾಯ್ತಿದ್ದೆ. ಕಾಯಿಲೆ ಬಿದ್ರು ಅಂತ ಗೊತ್ತಾದಾಗ ಒಳಗೆಲ್ಲೋ ಸಮಾಧಾನ ಆಯ್ತು. ಇದು ಉಪ್ಪಿಗಿಂತ ಕೆಟ್ಟದ್ದು ಅಬೂನಾ."

"ಹೌದು, ಕೆಟ್ಟದ್ದೇ," ಎಂದರು ಅಬೂನಾ.

"ನೀವೇ ಹೋಗಿ ಅವರಿಗೆ ಹೇಳ್ಬಿಡಿ. ನನ್ನ ಹೆಸರು ಹೇಳಿದ್ರೂ ಪರವಾಗಿಲ್ಲ."

"ಇಲ್ಲಿ ಕೇಳಿದ್ದು ನನ್ನ ಬಾಯಿಂದ ಆಚೆ ಹೋಗೋ ಹಾಗಿಲ್ಲ. ನನ್ನ ನಾಲಿಗೆಗೆ ಬೀಗ ಬಿದ್ದಿದೆ. ನಿನ್ನ ನಾಲಿಗೆಗೆ ಯಾರು ಹಾಕಿದ್ರು ಬೀಗ?"

ಬಖೂಮ್ ಕೇಳಿದ, "ದೇವರು ನನ್ನ ಕ್ಷಮಿಸ್ತಾನಾ?"

"ಅದರಲ್ಲಿ ಅನುಮಾನ ಇಟ್ಕೋಬೇಡ. ಹದಿನಾಲ್ಕು ವರ್ಷದಿಂದ ಆತ ಬಾಗಿಲು ತೆಗೆದಿಟ್ಟುಕೊಂಡೇ ಕೂತಿದ್ದಾನೆ. ಆದ್ರೆ ನಿನ್ನ ಹೊರೆ ಒಬ್ಬ ಮುದುಕನ ತಲೆ ಮೇಲಿದೆಯಲ್ಲಪ್ಪ. ಅದನ್ನ ಅಲ್ಲೇ ಬಿಟ್ಟು ಬಂದು, ನನ್ನ ತಲೆ ಹಗುರ ಮಾಡಿ ಅಂದ್ರೆ ಹೇಗೆ? ಅವರು ಉಸಿರಾಡ್ತಿರೋವಾಗ ಹೋಗು. ನಾಳೆ ಬೆಳಿಗ್ಗೆ ವಿಮೋಚನೆ ಓದೋಕೆ ನಾನೇ ನಿನ್ನ ಹತ್ರ ಬರ್ತೀನಿ."

ಗುಬ್ರಿಯಾಲ್ ಗೋಡೆ ಪಕ್ಕದ ಮರದ ಮಂಚದ ಮೇಲೆ ಎರಡು ದಿಂಬಿಗೆ ಒರಗಿದ್ದ. ಬಖೂಮನನ್ನು ಕಂಡವನೇ ಕೈಬೀಸಿ ಸೊಸೆಯನ್ನು ಹೊರಗೆ ಕಳಿಸಿದ.

"ಹತ್ರ ಬಾರೋ. ಅಷ್ಟು ದೂರ ಯಾಕೆ ನಿಂತೆ? ಕಚ್ಚೋಣ ಅಂದ್ರೆ ಹಲ್ಲೂ ಇಲ್ಲ."

ಬಖೂಮ್ ಸ್ಟೂಲು ಎಳೆದು ಕೂತ.

"ನಿಮ್ಮಪ್ಪನ ಮೇಲೆ ಒಂದು ಮಾತಾಡಿದ್ದೆ, ಅಂಗಳದಲ್ಲಿ. ನಿಂಗೆ ನೆನಪಿದೆಯೋ ಇಲ್ವೋ. ನಂಗೂ ಮರೆತೇಹೋಗಿತ್ತು, ಈಗ ಮಲಗಿ ಮಲಗಿ ಒಂದೊಂದೇ ನೆನಪಾಗುತ್ತೆ. ಫಾನೂಸ್ ಮಣ್ಣು ಸೇರಿ ನಲವತ್ತು ದಿನ ಆಗಿರ್ಲಿಲ್ಲ. ನನ್ನ ಗೆಳೆಯ ಅವನು. ನಾಲ್ಕು ಜನ ನಗಲಿ ಅಂತ ಸತ್ತವನ ಮಾತೆತ್ತಿದೆ. ತಪ್ಪಾಯ್ತು, ಕ್ಷಮಿಸು."

"ಚಿಕ್ಕಪ್ಪ..."

"ತಡಿ, ಇನ್ನೂ ಇದೆ. ಆ ಉಪ್ಪು. ನನ್ನ ಬಾಯಿಚಪಲದಿಂದ ದೇವರ ರೊಟ್ಟಿ ಕೆಟ್ಟಿತು, ನೀನು ಕಲಿಯೋ ವಯಸ್ಸಿಗೆ ಒಬ್ಬನೇ ಒಲೆ ಮುಂದೆ ಬೇಯೋ ಹಾಗಾಯ್ತು. ನೀನು ಪ್ರಸಾದ ತಗೊಳ್ಳೋದು ಬಿಟ್ಟಿದ್ದೂ ಅವತ್ತಿಂದಲೇ, ನಾನು ನೋಡಿದ್ದೀನಿ. ನನ್ನ ಕೊಳೆ ನಿಂಗೆ ಅಂಟಿತೇನೋ. ಅದಕ್ಕೂ ಕ್ಷಮಿಸಪ್ಪ." ಮುದುಕ ದಿಂಬಿನಿಂದ ಎದ್ದು, ಊದಿದ ಕಾಲು ಇಳಿಬಿಟ್ಟು, ಬಖೂಮನಿಗೆ ತಲೆ ಬಾಗಿಸಲು ನೋಡಿದ.

ಬಖೂಮ್ ಅವನ ಭುಜ ಹಿಡಿದು ಒರಗಿಸಿದ. "ದೇವರು ಕ್ಷಮಿಸ್ಲಿ ಚಿಕ್ಕಪ್ಪ, ಮಲಕ್ಕೊಳ್ಳಿ," ಎಂದ. ಎಂದು, ಎದ್ದು, ಹೊರಗೆ ಬಂದೇಬಿಟ್ಟ. ಹೇಳಿಕೊಳ್ಳಲು ಹೋದವನು ಕ್ಷಮಿಸಿ ಬಂದ! ಅವತ್ತು ಬುಟ್ಟಿ ಹಿಡಿದು ನಿಂತದ್ದು ಹೇಗೋ ಇವತ್ತಿನದೂ ಹಾಗೆಯೇ ಆಯಿತು. ನಾಲಿಗೆಗೆ ಒಮ್ಮೆ ಸುಳ್ಳಿನ ದಾರಿ ಅಭ್ಯಾಸವಾದರೆ ಎತ್ತಿನ ಹಾಗೆ ತಾನಾಗಿ ಅದೇ ದಾರಿ ಹಿಡಿಯುತ್ತದೆ.

ಅಂಗಳದಲ್ಲಿ ಇನ್ಸಾಫ್ ಬೇಯಿಸಿದ, ಅವರೆಯಂಥ ಫೂಲ್ ಕಾಳು ಹಿಸುಕುತ್ತಿದ್ದಳು. ಎರಡು ಪಾತ್ರೆಗಳಿದ್ದವು. ದೊಡ್ಡದಕ್ಕೆ ಜೀರಿಗೆ ಪುಡಿ, ಉಪ್ಪು ಉದುರಿಸಿದಳು. ಅದೇ ಕೈ ಪುಟ್ಟ ಪಾತ್ರೆಯ ಮೇಲೆ ಬಂದು, ಬರೀ ಜೀರಿಗೆ ಉದುರಿಸಿ ಹಿಂದೆ ಹೋಯಿತು.

"ಇದು ಮಾವಂದು, ಸಪ್ಪೆ," ಎಂದಳು. "ಸಾಯೋವಾಗಾದ್ರೂ ಒಂಚೂರು ಹಾಕ್ಕೊಳ್ಳಿ ಅಂದ್ರೆ, ನಂಗೆ ಆ ಭಾಗ್ಯ ಇಲ್ಲಮ್ಮ ಅಂತಾರೆ."

ಬಖೂಮ್ ಆ ಪುಟ್ಟ ಪಾತ್ರೆಯನ್ನೇ ನೋಡುತ್ತಾ ನಿಂತ. ಆಮೇಲೆ ತಿರುಗಿ ಒಳಗೆ ಹೋಗಿ, ಮಂಚದ ಬುಡದಲ್ಲಿ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದ.

"ಉಪ್ಪು ಹಾಕಿದ್ದು ನಾನು, ಚಿಕ್ಕಪ್ಪ."

"ಯಾವ ಉಪ್ಪು?"

"ಅವತ್ತಿಂದು. ನೀವು ಸೌದೆ ತರೋಕೆ ಹೋಗಿದ್ರಿ. ಅಪ್ಪನ ಮಾತಿಗೆ ಸಿಟ್ಟಿತ್ತು. ಪೊಟ್ಟಣ ಪೂರ್ತಿ ಸುರಿದೆ."

"ಕಾಗದ ಮರಿಗೆ ಅಂಚಲ್ಲಿ ಬಿದ್ದಿತ್ತಲ್ಲೋ."

"ನಾನೇ ಇಟ್ಟಿದ್ದು. ಅಬೂನಾ ಮತ್ತಾ ರೊಟ್ಟಿ ಆರಿಸೋವಾಗ ಬುಟ್ಟಿ ಹಿಡ್ಕೊಂಡಿದ್ದೆ. ಆಗಲೂ ಬಾಯಿ ಬಿಡ್ಲಿಲ್ಲ. ತಪ್ಪು ಮಾಡಿದೆ ಚಿಕ್ಕಪ್ಪ, ಕ್ಷಮಿಸಿ."

ಬಖೂಮ್ ಹಣೆ ಎತ್ತಲಿಲ್ಲ. ಗುಬ್ರಿಯಾಲ್ ಮಾತಾಡಿದ. ಅದು ಬೈಗುಳವಾಗಿರಲಿಲ್ಲ. ಬೈದಿದ್ದರೆ ಬಖೂಮ್ ಬದುಕಿಕೊಳ್ಳುತ್ತಿದ್ದ.

"ನನ್ನ ಹೆಂಡ್ತಿ ತೀರಿಹೋಗೋಕೆ ಮುಂಚೆ, ಹಬ್ಬದ ದಿನ, ಎದ್ದು ಕೂತು ಅಡುಗೆ ಮಾಡಿದ್ಲು. ಇದೊಂದು ಸಲ ನನ್ನ ಕೈ ಅಡುಗೇನ ಉಪ್ಪು ಹಾಕ್ಕೊಂಡು ತಿನ್ನಿ, ಇನ್ನು ಯಾವಾಗ ಮಾಡಿ ಬಡಿಸ್ತೀನೋ ಅಂದ್ಲು. ನಾನು ತಟ್ಟೆ ಸರಿಸಿದೆ. ಪಾಪಿ ನಾನು, ನಂಗೆ ಬೇಡ ಅಂದೆ. ಅವಳು ಸುಮ್ಮನೆ ತಟ್ಟೆ ಎತ್ಕೊಂಡು ಹೋದ್ಲು." ಮಾತು ನಿಲ್ಲಿಸಿ ಉಸಿರೆಳೆದುಕೊಂಡ. "ಅವಳಿಗೆ ಈಗ ಏನು ಹೇಳ್ತೀಯ ನೀನು?"

ಬಖೂಮ್ ಮಂಚದ ಕಾಲನ್ನು ಹಿಡಿದುಕೊಂಡ.

"ಎದ್ದು ಹೋಗು," ಎಂದು ಗುಬ್ರಿಯಾಲ್ ಗೋಡೆಯ ಕಡೆ ಮುಖ ತಿರುಗಿಸಿದ.

ಭಾನುವಾರ ಕೋಳಿ ಕೂಗುವ ಹೊತ್ತಿಗೆ ಅಬೂನಾ ಯುಸ್ತುಸ್ ಬೆತ್ಲೆಹೇಮಿಗೆ ಬಂದರು. ಒಲೆ ಕಾದಿತ್ತು, ಹಿಟ್ಟು ಕಲಸಿರಲಿಲ್ಲ. ಬಖೂಮ್ ಅಚ್ಚನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಹೇಳಿದ್ಯಾ?"

"ಹೇಳ್ದೆ. ಎದ್ದು ಹೋಗು ಅಂದ್ರು. ಈ ಅಚ್ಚು ಬೇರೆ ಯಾರಿಗಾದ್ರೂ ಕೊಡಿ, ಅಬೂನಾ."

"ಮತ್ತೇನು, ತಬ್ಕೊಂಡು ಮುದ್ದಾಡ್ತಾರೆ ಅಂದ್ಕೊಂಡಿದ್ಯಾ? ಹದಿನಾಲ್ಕು ವರ್ಷದ ಗಾಯ ಒಂದು ಸಂಜೆಗೆ ಮಾಯುತ್ತಾ? ಅವರ ಹೊರೆ ನೀನು ಇಳಿಸಿದೆ. ಅವರು ನಿನ್ನ ಮುಖ ನೋಡ್ತಾರೋ ಬಿಡ್ತಾರೋ ಅದು ಅವರಿಗೂ ದೇವರಿಗೂ ಬಿಟ್ಟಿದ್ದು. ತಲೆ ಬಗ್ಗಿಸು."

ಬಖೂಮ್ ಮರಿಗೆಯ ಪಕ್ಕ ಮಂಡಿಯೂರಿದ. ಅಬೂನಾ ತಮ್ಮ ಕೈಶಿಲುಬೆಯನ್ನು ಅವನ ತಲೆಯ ಮೇಲಿಟ್ಟು ವಿಮೋಚನೆಯ ಪ್ರಾರ್ಥನೆಯನ್ನು ನಿಧಾನವಾಗಿ, ಒಂದು ಪದವನ್ನೂ ನುಂಗದೆ ಓದಿದರು. ಮುಗಿದ ಮೇಲೂ ಬಖೂಮ್ ಏಳಲಿಲ್ಲ. ಅತ್ತ, ಯಾವ ನಾಚಿಕೆಯೂ ಇಲ್ಲದೆ ಅತ್ತ.

"ಇವತ್ತು ನೀನು ಪ್ರಸಾದ ತಗೋಬಹುದು," ಎಂದರು ಅಬೂನಾ.

"ಅವರು ಕ್ಷಮಿಸ್ದೆ ನಾನು ಹೇಗೆ ತಗೊಳ್ಲಿ?"

"ಬಾಗಿಲು ತೆಗೆದಿದೆ ಅಂದೆ. ಕತ್ತು ಹಿಡಿದು ನೂಕೋದು ನನ್ನ ಕೆಲಸ ಅಲ್ಲ. ಈಗ ಎದ್ದು ಕೈ ತೊಳ್ಕೊ, ಹಿಟ್ಟು ನಾದು. ಊರು ಕಾಯುತ್ತೆ."

ಅವನು ನಾದಿದ, ಕೀರ್ತನೆ ಹೇಳಿದ. ಹದಿನಾಲ್ಕು ವರ್ಷದಿಂದ 'ನನ್ನ ಅಪರಾಧವು ಯಾವಾಗಲೂ ನನ್ನ ಮುಂದೆ ಇದೆ' ಎನ್ನುವ ಸಾಲನ್ನು ಅವನು ಗುಳುಂ ಮಾಡಿ ದಾಟುತ್ತಿದ್ದ. ಇವತ್ತು ಅದನ್ನು ಬಾಯಿತುಂಬ ಹೇಳಿದ. ಅಪ್ಪನ ಅಚ್ಚನ್ನು ಒತ್ತಿ, ಸುತ್ತ ಐದು ತೂತು ಚುಚ್ಚಿ, ಒಲೆಗಿಟ್ಟ. ಒಂದೂ ಬಿರಿಯಲಿಲ್ಲ.

ಪೂಜೆ ಅರ್ಧಕ್ಕೆ ಬಂದಾಗ ಹಿಂದಿನ ಬಾಗಿಲಲ್ಲಿ ಗುಸುಗುಸು ಎದ್ದಿತು. ಗುಬ್ರಿಯಾಲ್‌ನನ್ನು ಕುರ್ಚಿಯ ಸಮೇತ ಹೊತ್ತುಕೊಂಡು ಅವನ ಮಗ ಮತ್ತು ನೆರೆಯವನೊಬ್ಬ ಒಳಗೆ ಬಂದರು. ಜಾಗ ಸಿಕ್ಕಲ್ಲಿ ಇಳಿಸಿದರು. ಅದು ಬಖೂಮ್ ನಿಂತಿದ್ದ ಕಂಬದಿಂದ ನಾಲ್ಕು ಹೆಜ್ಜೆ ಆಚೆ. ಬಖೂಮ್ ಕತ್ತು ತಿರುಗಿಸುವ ಧೈರ್ಯ ಮಾಡಲಿಲ್ಲ. ಮುದುಕ ಎಲ್ಲರೆದುರು ಕೂಗಿ ಹೇಳಲು ಬಂದಿದ್ದಾನೆ ಎಂದುಕೊಂಡ. ಹೇಳಲಿ, ಅದು ಅವನ ಹಕ್ಕು ಎಂದೂ ಅಂದುಕೊಂಡ.

ಶಾಂತಿಯ ವಂದನೆಯ ಹೊತ್ತು ಬಂತು. ಪವಿತ್ರ ಮುದ್ದಿನಿಂದ ಒಬ್ಬರನ್ನೊಬ್ಬರು ವಂದಿಸಿರಿ ಎಂದು ಮುಂದಿನಿಂದ ಸೇವಕ ಕೂಗಿದ. ಜನ ಅಕ್ಕಪಕ್ಕದವರ ಅಂಗೈ ಮುಟ್ಟಿ, ತಮ್ಮ ಬೆರಳನ್ನು ತುಟಿಗೆ ಒತ್ತಿಕೊಳ್ಳತೊಡಗಿದರು. ನೆರೆಯವನು ಗುಬ್ರಿಯಾಲ್‌ನ ಕಡೆ ಕೈ ಚಾಚಿದ. ಗುಬ್ರಿಯಾಲ್ ಅದನ್ನು ಮುಟ್ಟಿ, ಮತ್ತೆ ಕೈ ಮಡಿಲಿಗೆ ತರಲಿಲ್ಲ. ಕಂಬದ ಕಡೆಗೆ ಚಾಚಿ ಹಾಗೇ ಹಿಡಿದ. ಕೈ ಇಳಿಯಲಿಲ್ಲ.

ಆ ನಾಲ್ಕು ಹೆಜ್ಜೆ ಹೇಗೆ ನಡೆದೆ ಎಂದು ಬಖೂಮನಿಗೆ ಆಮೇಲೂ ಗೊತ್ತಾಗಲಿಲ್ಲ. ಅವನು ಎರಡೂ ಅಂಗೈಯಲ್ಲಿ ಆ ಕೈಯನ್ನು ಹಿಡಿದುಕೊಂಡ.

"ರಾತ್ರಿಯಿಡೀ ನಿನ್ನ ಬೈದೆ," ಎಂದ ಗುಬ್ರಿಯಾಲ್, ಅವನಿಗಷ್ಟೇ ಕೇಳುವಂತೆ. "ಬೈದು ಬೈದು ಸುಸ್ತಾಯ್ತು. ಈ ಸಿಟ್ಟು ಹೊತ್ಕೊಂಡು ಮೇಲೆ ಹೋಗೋಕೆ ನನ್ನ ಕೈಲಾಗಲ್ಲ ಕಣೋ. ನಾನು ಕ್ಷಮಿಸಿದ್ದೀನಿ. ಹೋಗು, ಚಪ್ಪಲಿ ಬಿಡು."

ಬಖೂಮ್ ಚಪ್ಪಲಿ ಬಿಟ್ಟ. ಅವನು ಸಾಲಿನ ಕೊನೆಯಲ್ಲಿ ನಿಂತದ್ದನ್ನು ಕಂಡ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಬೂನಾ ಯುಸ್ತುಸ್ ಅವನ ಬಾಯಿಗೆ ಪ್ರಸಾದ ಇಟ್ಟರು. ತಾನು ನಾದಿದ ಹಿಟ್ಟಿನ ರುಚಿಯನ್ನು ಅವನ ನಾಲಿಗೆ ಅಷ್ಟು ವರ್ಷಗಳ ಮೇಲೆ ಮೊದಲ ಸಲ ನೋಡಿತು. ಗೋಧಿ, ನೀರು, ಬೆಂಕಿ. ಬೇರೇನೂ ಇರಲಿಲ್ಲ. ಎಲ್ಲರ ಹಾಗೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಅವನು ಮೆಲ್ಲಗೆ ಹಿಂದಕ್ಕೆ ಬಂದ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಂದಿನಂತೆ ಎಲ್ಲರಿಗೂ ಊಟ. ಉಪವಾಸಕಾಲವಾದ್ದರಿಂದ ಫೂಲ್ ಕಾಳು, ಎಣ್ಣೆ, ಬಿಸಿಲಲ್ಲಿ ಹುದುಗಿಸಿದ ದಪ್ಪ ರೊಟ್ಟಿ. ಗುಬ್ರಿಯಾಲ್‌ನ ಕುರ್ಚಿಯನ್ನು ಗೋಡೆಯ ನೆರಳಿಗಿಟ್ಟಿದ್ದರು. ಇನ್ಸಾಫ್ ಮನೆಯಿಂದ ತಂದ ಪುಟ್ಟ ಪಾತ್ರೆಯನ್ನು ಅವನ ಮುಂದಿಟ್ಟಳು. ಗುಬ್ರಿಯಾಲ್ ಅದನ್ನು ಮುಟ್ಟದೆ ಬಖೂಮನನ್ನು ಕರೆದ.

"ಉಪ್ಪಿನ ಬಟ್ಟಲು ತಗೊಂಡು ಬಾ."

ಇನ್ಸಾಫಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. "ಮಾವ!"

"ನೀನು ಸುಮ್ನಿರಮ್ಮ. ಇವನು ಹಾಕ್ಲಿ."

ಬಖೂಮ್ ಬಟ್ಟಲು ತಂದು, ಎರಡು ಬೆರಳಲ್ಲಿ ಚಿಟಿಕೆ ತೆಗೆದು, ಕಾಳಿನ ಮೇಲೆ ಉದುರಿಸಿದ. ಅರ್ಧ ಬೆರಳಲ್ಲೇ ಉಳಿಯಿತು. ಗುಬ್ರಿಯಾಲ್ ರೊಟ್ಟಿ ಮುರಿದು, ಅದ್ದಿ, ಬೊಚ್ಚುಬಾಯಲ್ಲಿ ಹೊರಳಿಸಿದ. ಕಣ್ಣು ಮುಚ್ಚಿದ. ಅಂಗಳದ ಗದ್ದಲದಲ್ಲಿ ಅವರ ಕಡೆ ಯಾರೂ ನೋಡುತ್ತಿರಲಿಲ್ಲ.

"ಸಪ್ಪೆ," ಎಂದ, ಕಣ್ಣು ಬಿಡದೆ. "ಹಾಕೋ ಇನ್ನಷ್ಟು. ಅವತ್ತು ಕೈ ಇಷ್ಟು ಬಿಗಿ ಹಿಡಿದಿರ್ಲಿಲ್ಲ ನೀನು."

ಬಖೂಮ್ ಇನ್ನೊಂದು ಚಿಟಿಕೆ ಹಾಕಿದ. ಗುಬ್ರಿಯಾಲ್ ಉಳಿದ ರೊಟ್ಟಿಯನ್ನು ಎರಡು ಮಾಡಿ, ದೊಡ್ಡ ತುಂಡನ್ನು ಅವನ ಕಡೆ ನೀಡಿ, ಪಾತ್ರೆಯನ್ನು ಇಬ್ಬರ ನಡುವೆ ಸರಿಸಿದ.